ಸಿಗದವರ ಮನೆಗೂ ಹೋಗುತ್ತಿದ್ದ ಐಲಿ

ಐಲಿ ನಿಯೆಮೆಲಾ ಅವರ ನಾಲಿಗೆಯ ತುದಿಯಲ್ಲಿ ಸದಾ ಕಾದು ಕುಳಿತಿರುತ್ತಿದ್ದ ಒಂದೇ ಒಂದು ಪದಕ್ಕೆ ದೊಡ್ಡ ಸರೋವರದ ದಡದ ಡುಲೂತ್ ಊರಿನ ಪರೋಪಕಾರಿಗಳೆಲ್ಲ ಹೆದರುತ್ತಿದ್ದರು. ಯಾರಾದರೂ ಎದೆಯುಬ್ಬಿಸಿ, "ನಮ್ಮ ಶಿಬಿರಕ್ಕೆ ಬಂದ ಮೇಲೆ ಆ ಹುಡುಗ ಕುಡಿಯೋದನ್ನೇ ಬಿಟ್ಟ" ಎಂದೋ, "ನಮ್ಮ ತರಗತಿ ಮುಗಿಸಿದ ಹೆಂಗಸರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕೆಲಸ ಸಿಕ್ತು" ಎಂದೋ ಹೇಳಿ ಮುಗಿಸುವುದರೊಳಗೆ, ಅವರು ಸಾಸರಿನಿಂದ ಕಾಫಿ ಹೀರುವುದನ್ನು ನಿಲ್ಲಿಸಿ, ಕನ್ನಡಕದ ಮೇಲಿನಿಂದ ತಮ್ಮ ಬೂದುಗಣ್ಣುಗಳನ್ನೆತ್ತಿ, ಅತ್ಯಂತ ಮೃದುವಾಗಿ ಕೇಳುತ್ತಿದ್ದರು: "ಇಲ್ದಿದ್ರೆ?"

ಆ ಪ್ರಶ್ನೆಯಲ್ಲಿ ವ್ಯಂಗ್ಯದ ಲವಲೇಶವೂ ಇರುತ್ತಿರಲಿಲ್ಲ. ಇದ್ದಿದ್ದರೆ ಜನ ಒಂದಿಷ್ಟು ಸಿಟ್ಟು ಮಾಡಿಕೊಂಡು ಹಗುರಾಗಿಬಿಡುತ್ತಿದ್ದರು. ಶಿಬಿರವೇ ಇಲ್ಲದಿದ್ದರೆ ಆ ಹುಡುಗ ಕುಡಿಯುತ್ತಲೇ ಇರುತ್ತಿದ್ದನೆ, ಅಥವಾ ಬುದ್ಧಿ ಬಲಿತು ತಾನಾಗಿಯೇ ಬಿಡುತ್ತಿದ್ದನೆ ಎಂಬುದನ್ನು ಅವರು ನಿಜವಾಗಿಯೂ ತಿಳಿಯಬಯಸುತ್ತಿದ್ದರು, ಶಾಲೆಯಿಂದ ಬಂದ ಮಗುವನ್ನು ಮಧ್ಯಾಹ್ನ ಏನು ತಿಂದೆ ಎಂದು ತಾಯಿ ಕೇಳುವಷ್ಟು ಸಹಜವಾದ ಕುತೂಹಲದಿಂದ. ಉತ್ತರ ಬಾರದಿದ್ದರೆ ಒತ್ತಾಯಿಸುತ್ತಿರಲಿಲ್ಲ, ಕಾಯುತ್ತಿದ್ದರು. ಅವರದು ಫಿನ್‌ಲೆಂಡಿನಿಂದ ಬಂದು ನೆಲೆಸಿದ ಮನೆತನ. ಆ ಜನ ಅತಿಥಿಗೆ ಕುರ್ಚಿಯನ್ನೂ ಮೌನವನ್ನೂ ಒಂದೇ ಆದರದಿಂದ ಕೊಡುತ್ತಾರೆ. ಆ ಮೌನದಲ್ಲಿ ಕುಳಿತವರು ಬೆವರುತ್ತಿದ್ದರು.

ಊರಿನ ದತ್ತಿ ಸಂಸ್ಥೆಯೊಂದರ ಕಚೇರಿಯಲ್ಲಿ, ಬಂದರಿನ ಕಡೆಗೆ ತೆರೆದುಕೊಂಡ ದೊಡ್ಡ ಕಿಟಕಿಯ ಪಕ್ಕ, ಅವರ ಮೇಜಿಗೆ ತಾಗಿದಂತೆ ನನ್ನ ಮೇಜಿತ್ತು. ಸಂಸ್ಥೆ ನೆರವು ಕೊಟ್ಟ ಕೆಲಸಗಳು ನಿಜಕ್ಕೂ ಯಾರ ಬದುಕಿಗಾದರೂ ಒಳ್ಳೆಯದು ಮಾಡಿದವೇ ಎಂದು ಅಳೆದು ಹೇಳುವುದು ನಮ್ಮ ಉದ್ಯೋಗ. ನಾನು ಅದನ್ನು ಉದ್ಯೋಗವೆಂದೇ ಮಾಡಿದೆ. ಐಲಿಗೆ ಅದು ಉಸಿರಾಟವಾಗಿತ್ತು. ಕೈಗೆ ಬಂದ ಪ್ರತಿಯೊಂದು ಕರಪತ್ರವನ್ನೂ, ಅದರ ಮುಖಪುಟದಲ್ಲಿ ನಗುವ ಮಗುವಿನ ಚಿತ್ರವಿದ್ದರೆ, ಅವರು ಮೇಜಿನ ಮೇಲೆ ಬೋರಲು ಹಾಕಿ ಇಡುತ್ತಿದ್ದರು. "ಈ ಮಗು ನಂಗೂ ಇಷ್ಟಾನೇ. ಅದಕ್ಕೇ ಇದನ್ನ ನೋಡ್ತಾ ನಂಗೆ ಯೋಚನೆ ಮಾಡೋಕಾಗಲ್ಲ" ಎಂದು ಒಮ್ಮೆ ಹೇಳಿದ್ದರು.

ಅವರ ಕೋಟಿನ ಕತೆಯನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ತಂದೆ ಅದಿರಿನ ಹಡಗುಕಟ್ಟೆಯಲ್ಲಿ ದುಡಿಯುವಾಗ ತೊಡುತ್ತಿದ್ದ ದಪ್ಪ ಉಣ್ಣೆಯ ಕೋಟು ಅದು. ಮೊಣಕೈಗೆ ತೇಪೆ, ಕಾಲರಿಗೆ ತೇಪೆ, ಗುಂಡಿಗಳು ಒಂದೊಂದು ಒಂದೊಂದು ಊರಿನವು. ಸರೋವರದ ಗಾಳಿ ಬೀದಿಯಲ್ಲಿ ನಡೆಯುವವರನ್ನು ಗೋಡೆಗೆ ಒತ್ತುವ ಜನವರಿಯಲ್ಲಿ, ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಂಡು, ಹಿಮಗಟ್ಟಿದ ಇಳಿಜಾರಿನಲ್ಲಿ ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಮುದ್ರೆಯೊತ್ತಿದಂತೆ ಊರಿ ಊರಿ ಇಳಿದು ಬರುವ ಆ ಕೋಟನ್ನು ಕಂಡರೆ ದೂರದಿಂದಲೇ ಐಲಿ ಎಂದು ತಿಳಿಯುತ್ತಿತ್ತು. ನೋಡಲಾರದೆ ಅವರ ಅಕ್ಕ ಹೆಲ್ಮಿ ಒಂದು ಕ್ರಿಸ್‌ಮಸ್ಸಿಗೆ ಹಕ್ಕಿಗರಿ ತುಂಬಿದ ಹೊಸ ಕೋಟನ್ನು ತಂದುಕೊಟ್ಟಳು. ಐಲಿ ಬೇಡವೆನ್ನಲಿಲ್ಲ. ಪ್ರತಿದಿನ ಬೆಳಗ್ಗೆ ಬಾಗಿಲಲ್ಲಿ ನಿಂತು ನಾಣ್ಯ ಚಿಮ್ಮಿ, ಮೇಲೆ ಬಿದ್ದ ಮುಖ ಹೇಳಿದ ಕೋಟನ್ನು ತೊಟ್ಟು, ಕಚೇರಿಗೆ ಬಂದೊಡನೆ ಬೆರಳುಗಳು ಎಷ್ಟು ಮರಗಟ್ಟಿವೆಯೆಂದು ನನ್ನ ಮುಂದೆ ಚಾಚಿ ತೀರ್ಪು ಕೇಳುತ್ತಿದ್ದರು. ಯಾವ ಕೋಟು ತೊಟ್ಟಿದ್ದರೆಂದು ನನಗೆ ಗೊತ್ತಾಗಬಾರದೆಂದು ಅದನ್ನು ಕೆಳಗೇ ಬಿಚ್ಚಿಟ್ಟು ಬರುತ್ತಿದ್ದರು. ಮಾರ್ಚಿನಲ್ಲಿ ಅಕ್ಕನಿಗೆ ವರದಿ ಒಪ್ಪಿಸಿದರು: "ಎರಡೂ ಒಂದೇ ಕಣೆ ಅಕ್ಕ. ಹೊಸದನ್ನ ಕೋಟಿಲ್ಲದವರಿಗೆ ಕೊಟ್ಟುಬಿಡೋಣ."

ಹೆಲ್ಮಿ ಹಣೆ ಹಣೆ ಚಚ್ಚಿಕೊಂಡಳು. "ಉಡುಗೊರೆ ಕಣೇ ಅದು! ಬೆಚ್ಚಗಿದೆಯಾ ಅಂತ ಕೇಳೋಕೆ ಕೊಟ್ಟಿದ್ದಲ್ಲ, ನಿನ್ನ ಮೇಲೆ ಪ್ರೀತಿ ಇದೆ ಅಂತ ಕೊಟ್ಟಿದ್ದು!"

"ಪ್ರೀತಿ ಇತ್ತಲ್ಲ ಮೊದಲೇ. ಅದಕ್ಕೆ ಕೋಟು ಯಾಕೆ?" ಎಂದರು ಐಲಿ, ಸಂಪೂರ್ಣ ಪ್ರಾಮಾಣಿಕವಾಗಿ.

ಊರಿನವರು ಅವರನ್ನು 'ತಣ್ಣೀರು ಐಲಿ' ಎಂದು ಕರೆಯುತ್ತಿದ್ದರು. ಎಲ್ಲರ ಉತ್ಸಾಹಕ್ಕೂ ತಣ್ಣೀರೆರಚುತ್ತಾರೆಂಬುದು ಒಂದರ್ಥ. ಶನಿವಾರದ ಉಗಿಸ್ನಾನದ ಕೋಣೆಯಿಂದ ಕೆಂಪಗೆ ಹೊಗೆಯಾಡುತ್ತ ಹೊರಬಂದು, ಹಿಮಗಡ್ಡೆಯಲ್ಲಿ ಕೊರೆದ ರಂಧ್ರಕ್ಕೆ ಕಪ್ಪೆಯಂತೆ ಧುಮುಕುತ್ತಾರೆಂಬುದು ಇನ್ನೊಂದು. ಎರಡನೆಯದನ್ನು ಕೇಳಿ ಅವರು ಹೆಮ್ಮೆಪಡುತ್ತಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ ನಡೆಯುತ್ತಿದ್ದಾಗ, ತಮ್ಮ ಭಜನೆಯ ಬಳಗದ ಪ್ರಾರ್ಥನೆಯಿಂದಲೇ ಒಬ್ಬ ಮುದುಕಿಯ ಮೊಣಕಾಲು ನೋವು ಹೋಯಿತೆಂದು ಪಾದ್ರಿಗಳು ಸಂಭ್ರಮದಿಂದ ಹೇಳುತ್ತಿರಲು, ಮೀನಿನ ಮುಳ್ಳು ಬಿಡಿಸುತ್ತಿದ್ದ ಐಲಿ ತಲೆಯೆತ್ತಿದರು. ಅವರು ಬಾಯಿ ತೆರೆಯುವ ಮುನ್ನವೇ ಪಾದ್ರಿಗಳು ಕೈಯೆತ್ತಿ, "ಬೇಡ ಐಲಿ, ಬೇಡ! ಸ್ವರ್ಗದ ಬಾಗಿಲಲ್ಲಿ ನಿನ್ನನ್ನ ನಿಲ್ಲಿಸಿ, ನೀನು ಭೂಮಿ ಮೇಲೆ ಇಲ್ದಿದ್ರೆ ಏನಾಗ್ತಿತ್ತು ಅಂತ ಕೇಳ್ತಾರೆ, ಆಗ ನೋಡ್ಕೋ!" ಎಂದರು. ಇಡೀ ನೆಲಮಾಳಿಗೆ ನಕ್ಕಿತು. ಐಲಿಯೂ ನಕ್ಕರು, ಆಮೇಲೆ ಮನೆಗೆ ನಡೆಯುವಾಗ, "ಒಳ್ಳೇ ಪ್ರಶ್ನೆ ಅದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ನನಗೆ ಕೇಳಿಸಿತು.

ಅವರು ಖುಷಿಪಟ್ಟದ್ದನ್ನು ಕಾಣದವರು ಮಾತ್ರ ಅವರನ್ನು ನೀರಸರೆಂದಾರು. ಒಂದು ಚಿಕ್ಕ ಆಸ್ಪತ್ರೆ, ಹಗಲು ದುಡಿಯುವ ತಾಯಂದಿರಿಗೆ ಅನುಕೂಲವಾಗಲೆಂದು, ಮಕ್ಕಳಿಗೆ ಲಸಿಕೆ ಹಾಕುವ ವೇಳೆಯನ್ನು ಸಂಜೆಗೆ ಬದಲಾಯಿಸಿತು. ಅದಕ್ಕೆ ಉದ್ಘಾಟನೆಯಿರಲಿಲ್ಲ, ಕರಪತ್ರವಿರಲಿಲ್ಲ, ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಐಲಿ ಅದನ್ನು ಪಕ್ಕದ ಬಡಾವಣೆಗಳ ಆಸ್ಪತ್ರೆಗಳೊಡನೆ ಎರಡು ವರ್ಷ ಹೋಲಿಸಿ ನೋಡಿದರು. ಲಸಿಕೆ ತಪ್ಪಿಸಿಕೊಳ್ಳುವ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಅಂದು ಆ ಗಂಭೀರ ಹೆಂಗಸು ಕಚೇರಿಯ ಪಡಸಾಲೆಯಲ್ಲಿ, ಬೂಟು ಕಳಚಿ, ಬರಿಯ ಕಾಲುಚೀಲದಲ್ಲಿ, ತಮ್ಮ ಅಜ್ಜಿ ಕಲಿಸಿದ ಯಾವುದೋ ಪೋಲ್ಕಾ ನೃತ್ಯದ ಹೆಜ್ಜೆ ಹಾಕಿದರು. "ಬರೀ ಗಡಿಯಾರ ತಿರುಗಿಸಿದ್ದು! ಬರೀ ಗಡಿಯಾರ!" ಎನ್ನುತ್ತಿದ್ದರು, ನನ್ನ ಎರಡೂ ಕೈ ಹಿಡಿದು.

ಅವರ ಬಾಳಿನ ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಸ್ವಂತ ಅಕ್ಕನ ಗಂಡನಿಂದ. ವಾಲ್ಟ್ ಬ್ರಾಂಡ್ವೋಲ್ಡ್ ಅದಿರು ಹಡಗುಗಳಲ್ಲಿ ತಲೆ ನರೆಸಿ ನಿವೃತ್ತನಾದ ನಾರ್ವೆ ಮೂಲದ ದೈತ್ಯ. ಕೈ ಕುಲುಕಿದರೆ ಎದುರಿನವನ ಭುಜ ನೋಯುತ್ತಿತ್ತು. ಬಂದರಿನ ಹಳೆಯ ಗೋದಾಮಿನಲ್ಲಿ ಅವನು 'ದೋಣಿಮನೆ' ಆರಂಭಿಸಿದ್ದ. ಶಾಲೆ ಬಿಡುವ ಅಂಚಿನಲ್ಲಿದ್ದ ಹುಡುಗ ಹುಡುಗಿಯರು ಅಲ್ಲಿ ಚಳಿಗಾಲವಿಡೀ ದೇವದಾರು ಹಲಗೆ ಬಾಗಿಸಿ ಮರದ ದೋಣಿ ಕಟ್ಟುತ್ತಿದ್ದರು. ಜೂನ್ ತಿಂಗಳಲ್ಲಿ ಆ ದೋಣಿಗಳು ನೀರಿಗಿಳಿಯುವಾಗ ಊರೇ ದಡದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿತ್ತು. ದೋಣಿ ಮುಗಿಸಿದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಶಾಲೆಯನ್ನೂ ಮುಗಿಸುತ್ತಾರೆಂದು ವಾಲ್ಟ್ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಅಕ್ಕನ ಅಡಿಗೆಮನೆಯಲ್ಲಿ ಭಾನುವಾರದ ಕಾಫಿಗೆ ಸೇರುವುದು ಆ ಮೂವರ ಹಳೆಯ ಪದ್ಧತಿ. ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಹೆಲ್ಮಿಯ ಬ್ರೆಡ್ಡಿನ ಪರಿಮಳ ಬೀದಿಯವರೆಗೂ ಬರುತ್ತಿತ್ತು. ನಾನೂ ಆಗೀಗ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದೆ. ಅಂಥ ಒಂದು ಭಾನುವಾರ ಐಲಿ ಕೇಳಿಯೇಬಿಟ್ಟರು.

"ಭಾವ, ಮಕ್ಕಳನ್ನ ಹೇಗೆ ಆರಿಸ್ತೀಯ?"

"ಎದುರಿಗೆ ಕೂರಿಸ್ಕೊಂಡು ಮಾತಾಡಿಸ್ತೀನಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನಾ, ಉತ್ಸಾಹ ಇದೆಯಾ, ಗೊತ್ತಾಗತ್ತೆ. ಮೂವತ್ತು ವರ್ಷ ಹಡಗಲ್ಲಿ ಜನರನ್ನ ನೋಡಿದ ಕಣ್ಣಿದು."

"ಬೇಡ ಅಂದು ಕಳಿಸಿದೋರು ಏನಾದ್ರು?"

ವಾಲ್ಟನ ಕೈಯ ಬ್ರೆಡ್ಡು ಅಲ್ಲೇ ನಿಂತಿತು. "ನಂಗೇನು ಗೊತ್ತು?"

"ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡೋ ಹುಡುಗ ದೋಣಿ ಇಲ್ದಿದ್ರೂ ಶಾಲೆ ಮುಗಿಸ್ತಿದ್ದನೋ ಏನೋ ಭಾವ."

ಅಳೆಯುವುದಾದರೆ ಆಯ್ಕೆಯನ್ನು ಚೀಟಿಯೆತ್ತಿ ಮಾಡಬೇಕೆಂದು ಐಲಿ ಹೇಳಿದಾಗ ವಾಲ್ಟ್ ಎದ್ದು ನಿಂತ. ಅರ್ಜಿ ಹಾಕುವ ಮಕ್ಕಳು ಹೇಗೂ ಜಾಗಕ್ಕಿಂತ ಬಹಳ ಹೆಚ್ಚು. ಯಾರಿಗೋ ಸಿಗದೆ ಹೋಗುವುದು ಖಂಡಿತ. ಸಿಕ್ಕವರನ್ನೂ ಸಿಗದವರನ್ನೂ ಅದೃಷ್ಟವೊಂದೇ ಬೇರೆ ಮಾಡಿದ್ದರೆ, ಆಮೇಲೆ ಕಾಣುವ ವ್ಯತ್ಯಾಸವನ್ನು ದೋಣಿಯ ಲೆಕ್ಕಕ್ಕೆ ಹಾಕಬಹುದು. ಇಷ್ಟನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು. ಅವನ ಕಿವಿಗೆ ಬಿದ್ದದ್ದು ಚೀಟಿಯೆಂಬ ಪದ ಮಾತ್ರ.

"ಮಕ್ಕಳ ಹಣೆಬರಹಾನ ಟೋಪಿಯಲ್ಲಿ ಹಾಕ್ಕೊಂಡು ಕುಲುಕ್ತೀಯಾ? ನಿಂಗೆ ಎದೆಯಲ್ಲಿ ಏನಿದೆಯೇ, ಮಂಜುಗಡ್ಡೇನಾ?"

"ಈಗ ನಿನ್ನ ಮನಸ್ಸಿನಲ್ಲಿ ಹಾಕ್ಕೊಂಡು ಕುಲುಕ್ತಿದೀಯ. ಟೋಪಿ ಪಕ್ಷಪಾತ ಮಾಡಲ್ಲ" ಎಂದರು ಐಲಿ. ಹೆಲ್ಮಿ ಇಬ್ಬರ ಲೋಟಕ್ಕೂ ಕಾಫಿ ಸುರಿದಳು, ಇಬ್ಬರಿಗೂ ಬೇಡವಾಗಿತ್ತು.

ಕೊನೆಗೆ ಅವನು ಒಪ್ಪಿದ್ದು ಹಟದಿಂದ, ತನ್ನ ಕಣ್ಣು ಎಂಥದೆಂದು ನಾದಿನಿಗೆ ತೋರಿಸಿಯೇ ತೀರುವೆನೆಂದು. ಪ್ರತಿ ವಸಂತದಲ್ಲೂ ಎಂದಿನಂತೆ ಮಕ್ಕಳನ್ನು ಮಾತನಾಡಿಸಿ, ಚೀಟಿಯೆತ್ತುವ ಮುನ್ನವೇ, ತಾನಾದರೆ ಯಾರನ್ನು ತೆಗೆದುಕೊಳ್ಳುತ್ತಿದ್ದೆ, ಯಾರನ್ನು ಇಲ್ಲ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಿದ್ದ. ಐಲಿ ಕೇಳಿಸಿಕೊಂಡು ಬರೆದುಕೊಳ್ಳುತ್ತಿದ್ದರು. ಮೊದಲ ವರ್ಷವೇ ಕಾರ್ಲೀನ್ ಎಂಬ ಹುಡುಗಿಗೆ ಚೀಟಿ ಬಂತು. ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡು, ಕೇಳಿದ್ದಕ್ಕೆಲ್ಲ ಭುಜ ಹಾರಿಸಿದವಳು. "ಇವಳಿಗೆ ಸುತ್ತಿಗೆ ಕೊಟ್ರೆ ನನ್ನ ತಲೆಗೇ ಹೊಡೀತಾಳೆ" ಎಂದು ವಾಲ್ಟ್ ಸಾರಿದ್ದ. ಅವಳು ಎರಡು ವಾರ ಮೂಲೆಯಲ್ಲಿ ಕುಳಿತಳು. ಮೂರನೆಯ ವಾರ, ಹಬೆಯಲ್ಲಿ ಬೆಂದ ಹಲಗೆ ತಣಿಯುವುದರೊಳಗೆ ಬಾಗಿಸಬೇಕಾಗಿ ಬಂದು ಒಂದು ಜೊತೆ ಕೈ ಕಡಿಮೆಬಿದ್ದಾಗ, ಯಾರೂ ಕರೆಯದೆ ಎದ್ದು ಬಂದು ಹಿಡಿದಳು.

ಆದರೆ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವುದು ಚೀಟಿ ಬಾರದ ಮಕ್ಕಳ ಮನೆಗಳಿಗೆ ನಾವು ಹೋಗುತ್ತಿದ್ದ ದಿನಗಳು. ದೋಣಿ ಸಿಕ್ಕವರ ಸುದ್ದಿ ತಾನಾಗಿ ಬರುತ್ತದೆ. ಸಿಗದವರನ್ನು ಹುಡುಕಿಕೊಂಡು ಹೋಗಬೇಕು, ಹೋಗದಿದ್ದರೆ ಹೋಲಿಕೆಯೇ ಇಲ್ಲ. ಈ ಕೆಲಸಕ್ಕೆ ಬೇರೆಯವರನ್ನು ಕಳಿಸಬಹುದಿತ್ತು. ಐಲಿ ತಾವೇ ಹೋಗುತ್ತಿದ್ದರು. ಬೆಟ್ಟದ ಮೇಲಿನ ಬಾಡಿಗೆಮನೆಗಳು, ಹೆದ್ದಾರಿಯ ಪಕ್ಕದ, ಗಾಲಿಗಳ ಮೇಲಿನ ಟ್ರೇಲರ್ ಮನೆಗಳು, ಊರು ಬಿಟ್ಟವರಿದ್ದರೆ ಸರೋವರದಾಚೆಯ ಪಟ್ಟಣಗಳು. ಡ್ವೇನ್ ಎಂಬ ಹುಡುಗನನ್ನು ನಾವು ಒಂದು ಟೈರಿನ ಅಂಗಡಿಯಲ್ಲಿ ಕಂಡೆವು. ಎಣ್ಣೆ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ, ಐಲಿಯ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಅವನು ನಕ್ಕ.

"ಕೊಟ್ಟೋರು ವಿಚಾರಿಸ್ಕೊಳ್ತಾರೆ ಸರಿ. ಕೊಡದೇ ಇದ್ದಿದ್ದಕ್ಕೆ ವರ್ಷಾ ವರ್ಷಾ ಬಂದು ಹೇಗಿದ್ದೀಯಪ್ಪಾ ಅನ್ನೋರು ನೀವೊಬ್ಬರೇ ಮೇಡಂ."

ಐಲಿ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು, ಆಮೇಲೆ ಮತ್ತೊಮ್ಮೆ ಒರೆಸಿದರು. ಕಾರಿಗೆ ಬಂದಮೇಲೆ, "ಅವನಿಗೆ ಚೀಟಿ ಬರಲಿಲ್ಲವಲ್ಲ, ನಾನೇ ಎತ್ತಿದ್ದು" ಎಂದಷ್ಟೇ ಅಂದರು. ಆ ದಿನ ಅವರ ಬದಲು ನಾನು ಕಾರು ಓಡಿಸಿದೆ.

ಮಕ್ಕಳು ಶಾಲೆಯ ವಯಸ್ಸು ದಾಟಿದ ಮೇಲೆ, ಒಂದು ನವೆಂಬರಿನಲ್ಲಿ, ದೋಣಿಮನೆಯಲ್ಲೇ, ಅರ್ಧ ಕಟ್ಟಿದ ದೋಣಿಗಳ ನಡುವೆ ಐಲಿ ವರದಿ ಓದಿದರು. ಸಂಸ್ಥೆಯ ಹಿರಿಯರು ಮರದ ಪೆಟ್ಟಿಗೆಗಳ ಮೇಲೆ ಕುಳಿತಿದ್ದರು. ವಾಲ್ಟ್ ಹೊಸ ಶರ್ಟು ತೊಟ್ಟು ಬಾಗಿಲ ಬಳಿ ನಿಂತಿದ್ದ. ಅವನು ಮೆಚ್ಚಿ ಹೆಸರಿಸಿದ್ದ ಮಕ್ಕಳಲ್ಲಿ ದೋಣಿ ಸಿಕ್ಕವರೂ ಸಿಗದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಶಾಲೆ ಮುಗಿಸಿದ್ದರು. ಅವರಿಗೆ ದೋಣಿ ಯಾವ ವ್ಯತ್ಯಾಸವನ್ನೂ ಮಾಡಿರಲಿಲ್ಲ. ಇಷ್ಟು ಕೇಳಿದೊಡನೆ ವಾಲ್ಟ್ ಗೂಟದಿಂದ ಕ್ಯಾಪು ತೆಗೆದುಕೊಂಡು ಹೊರಗೆ ನಡೆದ. ಐಲಿಯ ದನಿ ಒಂದು ಕ್ಷಣ ತಡವರಿಸಿತು, ಮುಂದುವರಿಯಿತು. ಅವನು ಬೇಡವೆಂದಿದ್ದ ಮಕ್ಕಳಲ್ಲಿ ಮಾತ್ರ, ಚೀಟಿಯ ದೆಸೆಯಿಂದ ಒಳಬಂದವರು ಹೊರಗುಳಿದವರ ಹೆಚ್ಚುಕಡಿಮೆ ಎರಡರಷ್ಟು ಪ್ರಮಾಣದಲ್ಲಿ ಶಾಲೆ ಮುಗಿಸಿದ್ದರು. "ಮಕ್ಕಳ ಸಂಖ್ಯೆ ಚಿಕ್ಕದು, ಇದರಲ್ಲಿ ಒಂದಿಷ್ಟು ಆಕಸ್ಮಿಕವೂ ಇರಬಹುದು. ಪ್ರಮಾಣ ಮಾಡಿ ಹೇಳಲಾರೆ" ಎಂದು ಅವರು ತಮ್ಮದೇ ಗೆಲುವಿಗೆ ತಾವೇ ಲಗಾಮು ಹಾಕಿದರು. ಹಿರಿಯರಲ್ಲೊಬ್ಬರು, ಮೊದಲರ್ಧ ಬಿಟ್ಟು ಎರಡನೆಯ ಅರ್ಧವನ್ನಷ್ಟೇ ಪತ್ರಿಕೆಗೆ ಕೊಟ್ಟರೆ ಎಲ್ಲರಿಗೂ ಸಂತೋಷವಲ್ಲವೇ ಎಂದು ಕೇಳಿದರು. ಐಲಿ ಅವರಿಗೆ ತಮ್ಮ ಮನೆತನದ ಮೌನವನ್ನು ಕೊಟ್ಟರು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ವಾಲ್ಟ್ ಆ ಚಳಿಗಾಲವೆಲ್ಲ ನಾದಿನಿಯೊಡನೆ ಮಾತು ಬಿಟ್ಟ. ಐಲಿ ಮಾತ್ರ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಬಂದು, ಕೋಟು ಬಿಚ್ಚಿ, ತಮ್ಮ ಕುರ್ಚಿಯಲ್ಲಿ ಕುಳಿತು, ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಸಾಸರಿನ ಕಾಫಿ ಹೀರಿ, ವೇಳೆಯಾದಾಗ ಎದ್ದು ಹೋಗುತ್ತಿದ್ದರು. ವಾಲ್ಟ್ ಕಿಟಕಿಯಾಚೆ ನೋಡುತ್ತಿದ್ದ. "ಬೆಣ್ಣೆ ಈ ಕಡೆ ಕೊಡೋಕೆ ಐಲಿಗೆ ಹೇಳು" ಎಂದು ಗೋಡೆಗೆ ಹೇಳುತ್ತಿದ್ದ. ಹೆಲ್ಮಿ ಇಬ್ಬರ ನಡುವೆ ಬೆಣ್ಣೆಯನ್ನೂ ಬ್ರೆಡ್ಡನ್ನೂ ಹವಾಮಾನದ ಸುದ್ದಿಯನ್ನೂ ಸಾಗಿಸಿ ಸಾಗಿಸಿ ಸುಸ್ತಾಗಿದ್ದಳು. ಫೆಬ್ರವರಿಯ ಒಂದು ಬೆಳಗ್ಗೆ, ನಾನೂ ಅಲ್ಲಿದ್ದೆ, ಅವಳ ಸಹನೆ ಒಡೆಯಿತು.

"ವಾಲ್ಟ್, ಮೊದಲನೇ ಹಡಗಿಗೆ ಹತ್ತಿದಾಗ ನಿಂಗೆ ಎಷ್ಟು ವಯಸ್ಸು?"

"ಹದಿನೇಳು" ಎಂದ ಗೋಡೆಗೆ.

"ಆ ಕ್ಯಾಪ್ಟನ್ನು ನಿನ್ನನ್ನ ಎದುರಿಗೆ ಕೂರಿಸ್ಕೊಂಡು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿದ್ದಿದ್ರೆ?"

"ಎಲ್ಲಿ ಮಾತಾಡಿಸಿದ! ಎರಡು ಕೈ ಇದೆಯೇನೋ ಅಂದ. ಇದೆ ಅಂದೆ. ಹತ್ತು ಅಂದ."

"ಮಾತಾಡಿಸಿದ್ದಿದ್ರೆ ಹತ್ತಿಸ್ಕೊಳ್ತಿದ್ದನಾ? ನಾನು ನಿನ್ನನ್ನ ನೃತ್ಯದ ಮನೇಲಿ ಮೊದಲ ಸಲ ನೋಡಿದಾಗ ನೀನು ಬಾಗಿಲ ಹಿಂದೆ ನಿಂತ್ಕೊಂಡು ಬೂಟು ನೋಡ್ಕೋತಿದ್ದೆ. ಇಡೀ ಸಂಜೆ. ನನ್ನ ಅಮ್ಮ, ಆ ಹುಡುಗ ಮೂಗನಾ ಅಂತ ಕೇಳಿದ್ಲು."

ವಾಲ್ಟನ ದೊಡ್ಡ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದೆ ನಾನು ನನ್ನ ಲೋಟ ನೋಡಿದೆ. ನಗುತ್ತಿದ್ದ. "ಮೂಗ ಅಂದ್ಲಾ, ಆ ಮುದುಕಿ?" ಎಂದು ಕಣ್ಣೊರೆಸಿಕೊಂಡು, ಕುರ್ಚಿಯನ್ನು ಮೇಜಿನ ಕಡೆಗೆ ತಿರುಗಿಸಿ, ನವೆಂಬರಿನ ನಂತರ ಮೊದಲ ಬಾರಿಗೆ ನಾದಿನಿಯನ್ನು ನೇರವಾಗಿ ನೋಡಿದ.

"ಐಲಿ. ಆ ಕಾರ್ಲೀನ್ ಇದ್ದಾಳಲ್ಲ, ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಕಲೀತಿದಾಳೆ. ಮೊನ್ನೆ ಗೋದಾಮಿಗೆ ಬಂದು ನನ್ನ ಒಲೆ ರಿಪೇರಿ ಮಾಡಿಕೊಟ್ಲು. ಈಗ್ಲೂ ಮುಖ ನೋಡಿ ಮಾತಾಡಲ್ಲ."

"ಗೊತ್ತು ಭಾವ."

"ಈ ವರ್ಷ ನಾನು ಯಾರ ಮುಖಾನೂ ನೋಡಲ್ಲ. ಶಾಲೆಯವರು ಯಾರ ಆಸೆ ಬಿಟ್ಟಿದ್ದಾರೋ ಅವರನ್ನ ಕಳಿಸ್ಲಿ. ಕೈ ಇದ್ರೆ ಸಾಕು."

"ಒಳ್ಳೇದು" ಎಂದರು ಐಲಿ. ನಾನು ಅಷ್ಟಕ್ಕೇ ನಿಲ್ಲಿಸುತ್ತಾರೆಂದು ಆಸೆಪಟ್ಟೆ. "ಆದ್ರೆ ಹೀಗೆ ಬದಲಾಯಿಸಿದ ಮೇಲೆ ಮತ್ತೆ ಅಳೀಬೇಕಾಗತ್ತೆ. ಆಸೆ ಬಿಟ್ಟಿರೋರೇ ಎಲ್ಲಾ ಸೇರಿದಾಗಲೂ ಇದು ನಡೆಯತ್ತಾ ಅಂತ ನಮಗೆ ಗೊತ್ತಿಲ್ಲ."

ವಾಲ್ಟ್ ತಲೆಯ ಮೇಲೆ ಕೈ ಹೊತ್ತುಕೊಂಡು ಹೆಂಡತಿಯ ಕಡೆ ತಿರುಗಿದ. "ಇವಳನ್ನ ಏನು ತಿನ್ನಿಸಿ ಬೆಳೆಸಿದ್ರೇ ನಿಮ್ಮನೇಲಿ?"

"ಇದನ್ನೇ" ಎಂದು ಹೆಲ್ಮಿ ಬ್ರೆಡ್ಡಿನ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಅವನು ಒಂದು ತುಂಡು ಮುರಿದು, ಬೆಣ್ಣೆ ಸವರಿ, ಯಾರ ಮೂಲಕವೂ ಅಲ್ಲದೆ ತನ್ನ ಕೈಯಾರೆ ಐಲಿಗೆ ಕೊಟ್ಟ. ಮುಂದಿನ ವರ್ಷಗಳಲ್ಲಿ ಅಳತೆ ಮತ್ತೆ ನಡೆಯಿತು. ಲಾಭ ಮೊದಲಿನಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೆ ಅಳಿಯಲೂ ಇಲ್ಲ. ಐಲಿ ಅದನ್ನು ಹಾಗೆಯೇ ಬರೆದರು. ವಾಲ್ಟ್ ಆ ವರದಿಯನ್ನು ಕಟ್ಟು ಹಾಕಿಸಿ ದೋಣಿಮನೆಯ ಗೋಡೆಗೆ ತೂಗುಹಾಕಿದ, ಅದರ ಎಚ್ಚರಿಕೆಯ ಮಾತುಗಳೂ ಸೇರಿದಂತೆ.

ಈಗ ಐಲಿ ನಿವೃತ್ತರು. ಅವರ ಜಾಗದಲ್ಲಿ ಕುಳಿತವರು ಚುರುಕಿನವರು, ಯಂತ್ರಗಳನ್ನು ಬಲ್ಲವರು. ಅವರಿಗೆ ಕಲಿಸಲು ಹೆಚ್ಚೇನೂ ಉಳಿದಿಲ್ಲವೆಂದು ಐಲಿಯೇ ಹೇಳುತ್ತಾರೆ. ಆದರೂ ನಾನು ಯೋಚಿಸುತ್ತೇನೆ. ಪ್ರತಿ ಊರಿನಲ್ಲೂ ಕೊಡುವ ಜನ ಇರುತ್ತಾರೆ, ಅವರ ಹೆಸರು ಉದ್ಯಾನದ ಬೆಂಚುಗಳ ಮೇಲೆ ಕೆತ್ತಿರುತ್ತದೆ, ಅದು ತಕ್ಕದ್ದೇ. ಕೊಡುವವರಿಗೆ ಕೊಟ್ಟ ಗಳಿಗೆಯಲ್ಲೇ ತೃಪ್ತಿ ಸಿಕ್ಕಿಬಿಡುತ್ತದೆ. ಅದು ಕೊಡುಗೆಯ ಸಹಜ ಸುಖ. ಐಲಿಯಂಥವರಿಗೆ ಆ ಸುಖ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಕೊಟ್ಟದ್ದು ತಲುಪಿತೇ, ತಲುಪಿ ಏನಾದರೂ ಮಾಡಿತೇ ಎಂದು ಕಣ್ಣಾರೆ ಕಾಣುವತನಕ ಇವರ ಕರುಣೆ ಕೆಲಸದಲ್ಲೇ ಇರುತ್ತದೆ, ಕುಳಿತುಕೊಳ್ಳುವುದಿಲ್ಲ. ಪ್ರೀತಿಸಿದವರ ಮುನಿಸನ್ನೂ ಹೊತ್ತುಕೊಂಡು ಹೋಗಿ ನೋಡಿ ಬರುತ್ತದೆ. ಅಂಥವರಿರುವ ಊರಿನಲ್ಲಿ ಒಳ್ಳೆಯ ಕೆಲಸಗಳು ಕೊಂಚ ತಡವಾಗಿ ಹೊಗಳಿಸಿಕೊಳ್ಳುತ್ತವೆ. ಹೊಗಳಿಸಿಕೊಂಡ ಮೇಲೆ, ಆ ಹೊಗಳಿಕೆಯನ್ನು ನಂಬಬಹುದು.